ಚೈನ್ ಕಿಟ್ ಬದಲಿಸದೆ ಟಕಟಕ ನಿಲ್ಲಿಸಿದ ಬಗೆ

ಎಂಜಿನ್ ಒಳಗೆ ವಾಲ್ವ್‌ಗಳನ್ನು ಕ್ರ್ಯಾಂಕ್ ತಾಳಕ್ಕೆ ನಡೆಸುವ ಟೈಮಿಂಗ್ ಚೈನ್ ಟಕಟಕ ಸದ್ದು ಮಾಡಿತೆಂದೊಡನೆ ಚೈನ್, ಅದು ಜಾರುವ ಗೈಡ್ ಪಟ್ಟಿಗಳು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಎಲ್ಲವನ್ನೂ ಕಿಟ್ ಎಂದು ಒಟ್ಟಿಗೆ ಬದಲಿಸುವುದು ನಮ್ಮ ಕಸುಬಿನ ರೂಢಿ. ರಾಣೆಬೆನ್ನೂರಿನ ನನ್ನ ಗ್ಯಾರೇಜಿಗೆ ಬಂದ 150 ಸಿಸಿ ಬೈಕೊಂದನ್ನು ಟೆನ್ಷನರ್ ಮಾತ್ರ ಬಿಚ್ಚಿ ಸರಿಪಡಿಸುತ್ತೇನೆಂದಾಗ ಅಕ್ಕಪಕ್ಕದ ಮೇಸ್ತ್ರಿಗಳು ನಕ್ಕಿದ್ದರು. ಆ ಬೈಕು ಬಳಿಕ ಹತ್ತು ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ್ದು, ಸದ್ದು ಮರಳಿಲ್ಲವಾದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅದು ನನ್ನಲ್ಲಿಗೆ ಬರುವ ಮೊದಲೇ ಬೇರೆಡೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಸಂದು ಹೊಂದಿಸುವುದು), ಹೆಡ್ ಕೆಲಸ ಎಂದು ಮಾಲೀಕರಿಗೆ ಮೂರು ಸಾವಿರದ ಮೇಲೆ ಖರ್ಚಾಗಿತ್ತು. ನಾನು ತಣ್ಣನೆಯ ಎಂಜಿನ್‌ನಲ್ಲಿ ಇನ್‌ಲೆಟ್‌ಗೆ 0.08, ಎಕ್ಸಾಸ್ಟ್‌ಗೆ 0.12 ಮಿ.ಮೀ. ಸಂದು ಇಟ್ಟು ನೋಡಿದರೂ ಸದ್ದು ಹಾಗೇ ಇತ್ತು. ಟ್ಯಾಪೆಟ್ ಸದ್ದು ತಾಳ ತಪ್ಪುವುದಿಲ್ಲ. ಇದು ಐಡಲ್‌ನಲ್ಲಿ ತಾಳ ತಪ್ಪಿ ಬಡಿಯುತ್ತಿತ್ತು, ಆಕ್ಸಿಲರೇಟರ್ ಕೊಟ್ಟರೆ ಅಡಗಿ, ಬಿಟ್ಟೊಡನೆ ಗಲಗಲ ಎನ್ನುತ್ತಿತ್ತು. 10ಡಬ್ಲ್ಯು-30 ಆಯಿಲ್ ತೆಗೆದು ಅದಕ್ಕಿಂತ ಮಂದವಾದ 20ಡಬ್ಲ್ಯು-50 ಹಾಕಿದಾಗ ಬೆಳಗಿನ ಹೊತ್ತು ಸುಮ್ಮನಿದ್ದು, ಎಂಜಿನ್ ಬಿಸಿಯಾದ ಮೇಲೆ ಮತ್ತೆ ಶುರುವಾಯಿತು. ಪಿಕಪ್ ಕಡಿಮೆಯಾಯಿತೆಂಬ ದೂರು ಬೇರೆ ಬಂತು. ಆಯಿಲ್‌ನ ನಾನೂರು ರೂಪಾಯಿ ನನ್ನ ಕಿಸೆಯದು.

ಅನಂತರ ಲೇತ್‌ನವರಿಂದ ಇನ್ನೂರೈವತ್ತು ರೂಪಾಯಿಗೆ ಬೋಲ್ಟ್ ತಿರುಗಿಸಿ ಬಿಗಿಮಾಡುವ ಟೆನ್ಷನರ್ ಮಾಡಿಸಿದೆ. ಟಕಟಕ ನಿಂತಿತಾದರೂ ಅಲ್ಯೂಮಿನಿಯಂ ಸಿಲಿಂಡರ್ ಬಿಸಿಗೆ ಉಕ್ಕಿನ ಚೈನ್‌ಗಿಂತ ಹೆಚ್ಚು ಹಿಗ್ಗುವುದರಿಂದ, ತಣ್ಣಗಿದ್ದಾಗ ಸರಿಯಿದ್ದ ಬಿಗಿ ಹತ್ತು ಕಿಲೋಮೀಟರ್ ಓಡಿದ ಮೇಲೆ ಅತಿಯಾಗಿ, ಗುಂಯ್ ಎಂಬ ಸದ್ದು ಎದ್ದಿತು. ಅದನ್ನು ಬಿಚ್ಚಿ ಕಪಾಟಿಗೆ ಹಾಕಿ, ಹಳೆಯ ಟೆನ್ಷನರನ್ನೇ ಮರಳಿ ಕೂರಿಸಿದೆ.

ದಾರಿ ತೋರಿದ್ದು ಒಂದು ಸಣ್ಣ ಸ್ಕ್ರೂಡ್ರೈವರ್. ಎಂಜಿನ್ ಐಡಲ್‌ನಲ್ಲಿರುವಾಗಲೇ ಟೆನ್ಷನರ್ ಹಿಂದಿನ ಸೀಲಿಂಗ್ ಸ್ಕ್ರೂ ತೆಗೆದು, ಒಳಗಿನ ಸೀಳಿಗೆ ತೆಳುವಾದ ಸ್ಕ್ರೂಡ್ರೈವರ್ ತುದಿ ಕೊಟ್ಟು ಎಡಕ್ಕೆ ಮೆಲ್ಲನೆ ಒತ್ತಿದಾಗ ಸದ್ದು ಥಟ್ಟನೆ ನಿಂತಿತು, ಕೈಬಿಟ್ಟ ಕೆಲವೇ ಕ್ಷಣಗಳಲ್ಲಿ ಮರಳಿತು. ಚೈನನ್ನು ತಳ್ಳಿ ಹಿಡಿಯಬೇಕಾದ ಸ್ಪ್ರಿಂಗ್‌ಗೇ ಬಲ ಸಾಲುತ್ತಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಎಂಜಿನ್ ನಿಲ್ಲಿಸಿ, ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿದೆಯೆಂದು ತೋರಿಸುವ ಟಿ ಗುರುತು ಸೇರಿಸಿ, ಗೈಡ್ ಪಟ್ಟಿಯನ್ನು ಚೈನಿನತ್ತ ಒತ್ತುವ ಕಡ್ಡಿ, ಅಂದರೆ ಪ್ಲಂಜರ್, ಪೂರ್ತಿ ಬಿಗಿಯುವವರೆಗೆ ಆ ಸೀಳನ್ನು ಎಡಕ್ಕೆ ತಿರುಗಿಸಿದೆ. ಬಳಿಕ ಬಲಕ್ಕೆ ತಿರುಗಿಸಿ ಪ್ಲಂಜರನ್ನು ಪೂರ್ತಿ ಒಳಗೆಳೆಯುತ್ತ ಸುತ್ತು ಎಣಿಸಿದೆ. ಟೆನ್ಷನರ್ ಬಿಚ್ಚಿದ ಮೇಲೆ ಮೇಜಿನ ಮೇಲೆ ಪ್ಲಂಜರ್ ಚಾಚಬಲ್ಲ ಪೂರ್ತಿ ಓಟ ಎಣಿಸಿ ಹೋಲಿಸಿದರೆ ಬಳಕೆಯಾದದ್ದು ಅರ್ಧಕ್ಕೂ ಕಡಿಮೆ. ಅಂದರೆ ಚೈನ್ ಹೆಚ್ಚು ಉದ್ದವಾಗಿರಲಿಲ್ಲ. ಹೊರಬಂದ ಪ್ಲಂಜರನ್ನು ಹೆಬ್ಬೆರಳಲ್ಲಿ ಒತ್ತಿದರೆ ಅಲುಗಬಾರದು. ಇದು ಒಳಗೇ ಹೋಯಿತು. ಟೆನ್ಷನರ್ ಹೊರಗಿರುವಾಗ ಕ್ರ್ಯಾಂಕ್ ತಿರುಗಿಸಿದರೆ ಚೈನ್ ಹಲ್ಲು ಹಾರಿ ಟೈಮಿಂಗ್ ತಪ್ಪಬಹುದೆಂಬುದನ್ನು ನಿಮಗೆ ಹೇಳಬೇಕಿಲ್ಲ.

ಟೆನ್ಷನರ್ ಬಿಡಿಸಲು ಅದರ ಲಾಕ್ ತೆಗೆದು, ಥ್ರೆಡ್‌ನಲ್ಲಿ ಕಟ್ಟಿದ್ದ ಕಪ್ಪು ಜಿಡ್ಡನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಪ್ರಿಂಗ್‌ಗೆ ಒಂದು ಸುತ್ತು ಹೆಚ್ಚು ಕೊಟ್ಟು ಮುಚ್ಚಿದೆ. ಎರಡು ಸುತ್ತು ಕೊಟ್ಟರೇನಾಗುತ್ತದೆಂದು ಗುಜರಿಯ ಟೆನ್ಷನರೊಂದರಲ್ಲಿ ಪರೀಕ್ಷಿಸಿದ್ದೆ. ಸ್ಪ್ರಿಂಗ್ ಸುರುಳಿ ಪೂರ್ತಿ ಬಿಗಿದು ಪ್ಲಂಜರ್ ಒಳಗೆ ಹೋಗದೆ ನಿಂತಿತು. ಸುತ್ತಿದ ಸ್ಪ್ರಿಂಗ್ ಚಿಮ್ಮದಂತೆ ಮುಚ್ಚಲು ಸೈಕಲ್ ಕಡ್ಡಿಯಿಂದ ಒಂದು ಹಿಡಿಕೆ ಮಾಡಿಕೊಂಡಿದ್ದೇನೆ. ಅದರ ಆಕಾರ ಮಾತ್ರ ಹೇಳುವುದಿಲ್ಲ, ಹೊಟ್ಟೆಪಾಡಿಗೂ ಏನಾದರೂ ಉಳಿಯಬೇಕಲ್ಲ.

ಹೊಸ ಗ್ಯಾಸ್ಕೆಟ್, ಓ-ರಿಂಗ್ ಹಾಕಿ ಕೂರಿಸಿ, ಕೈಯಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಟೈಮಿಂಗ್ ನೋಡಿಯೇ ಕಿಕ್ ಹೊಡೆದೆ. ಸಾಮಾನು, ಕೂಲಿ ಸೇರಿ ನಾನೂರು ಪಡೆದೆ. ಕಿಟ್ ಹಾಕಿದ್ದರೆ ಮಜೂರಿ ಸಹಿತ ಎರಡೂವರೆ ಮೂರು ಸಾವಿರವಾಗುತ್ತಿತ್ತು.

ಪ್ಲಂಜರಿನ ಓಟ ಬಹುಪಾಲು ಮುಗಿದಿದ್ದರೆ ಸ್ಪ್ರಿಂಗ್ ಸುತ್ತಿ ಫಲವಿಲ್ಲ, ಕಿಟ್ಟೇ ಬೇಕು. ಸ್ಪ್ಲೆಂಡರ್ ಜಾತಿಯ ಎಂಜಿನ್‌ಗಳಲ್ಲಿ ಕೆಳಗಿನಿಂದ ಒತ್ತುವ ರಾಡ್ ಮತ್ತು ರೋಲರ್ ಇರುವುದರಿಂದ ಅಲ್ಲಿಗೆ ಈ ಉಪಾಯ ಹೊಂದುವುದಿಲ್ಲ. ನಕ್ಕಿದ್ದ ಮೇಸ್ತ್ರಿಗಳಲ್ಲಿ ಒಬ್ಬರು ಈಗ ಸಡಿಲಾದ ಟೆನ್ಷನರ್‌ಗಳನ್ನು ಹುಡುಗನ ಕೈಲಿ ನನಗೇ ಕಳಿಸುತ್ತಾರೆ, ಒಂದಕ್ಕೆ ನೂರೈವತ್ತು ರೂಪಾಯಿ.