ದಿಮ್ಮಿಯ ತೂಕದಲ್ಲಿ ಮರವೆಷ್ಟು, ನೀರೆಷ್ಟು?

ಆಗತಾನೆ ಕಡಿದ ದಿಮ್ಮಿ ಎತ್ತಲು ಹೋಗಿ ಸೊಂಟ ಹಿಡಿದುಕೊಂಡವರು ‘ಭಾರೀ ಗಟ್ಟಿ ಮರ’ ಎಂದುಬಿಡುತ್ತಾರೆ. ಅವರ ಸೊಂಟ ಹಿಡಿಸಿದ್ದರಲ್ಲಿ ನೀರಿನ ಪಾಲೂ ದೊಡ್ಡದು. ಹಸಿ ದಿಮ್ಮಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದು ಅಪರೂಪವಲ್ಲ. ಹಾಗಾಗಿ ಸಾಂದ್ರತೆ ಅಳೆಯುವವರು ಮೊದಲು ತೀರ್ಮಾನಿಸಬೇಕಾದ್ದು ಯಾವ ತೂಕ, ಯಾವ ಗಾತ್ರ ಎಂಬುದನ್ನು. ದಿಮ್ಮಿಗಳನ್ನು ಒಂದಕ್ಕೊಂದು ಹೋಲಿಸಲು ನಂಬಿಕೆಯ ಅಳತೆಯೆಂದರೆ ‘ಮೂಲ ಸಾಂದ್ರತೆ’: ಪೂರ್ತಿ ಒಣಗಿದ ಮರದ ತೂಕವನ್ನು ಹಸಿ ಮರದ ಗಾತ್ರದಿಂದ ಭಾಗಿಸುವುದು. ತೇವಾಂಶ (ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿದ ನೀರಿನ ತೂಕ) ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗತೊಡಗುತ್ತದೆ. ಅಷ್ಟರವರೆಗೆ ಗಾತ್ರ ಹೆಚ್ಚುಕಡಿಮೆ ಬದಲಾಗದು. ಹಸಿ ಗಾತ್ರವನ್ನೇ ಹಿಡಿಯುವುದು ಅದಕ್ಕೇ.

ಮೊದಲ ಕೆಲಸ ಬಿಲ್ಲೆ ಕೊಯ್ಯುವುದು. ದಿಮ್ಮಿಯ ತುದಿ ಬೇಗ ಒಣಗಿ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ತುದಿಯಿಂದ ಸ್ವಲ್ಪ ಒಳಗೆ ಸರಿದು, ಗಂಟುಗಳಿಲ್ಲದ ಕಡೆ, 3ರಿಂದ 5 ಸೆಂಟಿಮೀಟರ್ ದಪ್ಪದ ಬಿಲ್ಲೆ ತೆಗೆಯಿರಿ. ಬುಡದ ಮರವೂ ತುದಿಯ ಮರವೂ ಒಂದೇ ಥರ ಇರುವುದಿಲ್ಲ, ಎರಡೂ ಕಡೆಯಿಂದ ಒಂದೊಂದು ಬೇಕು. ತೊಗಟೆ ಸುಲಿದು, ಗುರುತು ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡಿ.

ಬಿಲ್ಲೆ ದೊಡ್ಡದಾದರೆ ಅದರಿಂದ ಹೋಳು ಕತ್ತರಿಸಬೇಕು. ಬಹಳ ಮಂದಿ ಎಡವುವುದು ಇಲ್ಲೇ. ನಡುವಿನಿಂದ ತೊಗಟೆಯವರೆಗೆ ಒಂದೇ ಅಗಲದ ಪಟ್ಟಿ ಕತ್ತರಿಸುವುದು ಸುಲಭ, ಆದರೆ ಲೆಕ್ಕ ತಪ್ಪುತ್ತದೆ. 20 ಸೆಂಟಿಮೀಟರ್ ತ್ರಿಜ್ಯದ ಬಿಲ್ಲೆಯಲ್ಲಿ ಒಳಗಿನ 10 ಸೆಂಟಿಮೀಟರ್‌ವರೆಗಿನ ಭಾಗ ಒಟ್ಟು ವಿಸ್ತೀರ್ಣದ ಕಾಲು ಪಾಲು ಮಾತ್ರ. ಪಟ್ಟಿಯಲ್ಲಿ ಅದಕ್ಕೆ ಅರ್ಧ ಪಾಲು ಸಿಕ್ಕಿಬಿಡುತ್ತದೆ. ಒಳಮರದ ಸಾಂದ್ರತೆ ಘನಮೀಟರಿಗೆ 450 ಕಿಲೋ, ಹೊರಮರದ್ದು 550 ಇದ್ದರೆ ಪಟ್ಟಿ 500 ಎನ್ನುತ್ತದೆ, ನಿಜವಾದ ಉತ್ತರ 525. ನಡುಬಿಂದುವಿನಲ್ಲಿ ಮೊನೆ ಬರುವಂತೆ, ತೊಗಟೆಯ ಕಡೆ ಅಗಲವಾಗುವ ಹೋಳು ಕತ್ತರಿಸಿದರೆ ಈ ತಾಪತ್ರಯವೇ ಇಲ್ಲ.

ಇನ್ನು ಗಾತ್ರ. ಸೊಟ್ಟಪಟ್ಟ ಹೋಳನ್ನು ಸ್ಕೇಲಿನಿಂದ ಅಳೆಯಲು ಹೋಗಬೇಡಿ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಹೋಳನ್ನು ತೆಳು ಸೂಜಿಗೆ ಚುಚ್ಚಿ, ಪಾತ್ರೆಯ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂಗಳೇ ಘನ ಸೆಂಟಿಮೀಟರ್‌ಗಳು, ಏಕೆಂದರೆ ಹೋಳು ಪಕ್ಕಕ್ಕೆ ಸರಿಸಿದ ನೀರಿನ ತೂಕವೇ ಅದು. ಹೋಳು ದಾರಿಯಲ್ಲಿ ಒಣಗಿದ್ದರೆ ಮೊದಲು ನೀರಲ್ಲಿ ನೆನೆಹಾಕಿ; ಕುಗ್ಗಿದ್ದು ಮತ್ತೆ ಉಬ್ಬಿ ಹಸಿ ಗಾತ್ರಕ್ಕೆ ಬರುತ್ತದೆ.

ಒಣಗಿಸಲು 103 ಡಿಗ್ರಿ ಸೆಲ್ಸಿಯಸ್‌ನ ಓವನ್ ಸಾಕು. ಒಂದೆರಡು ದಿನ ಹಿಡಿಯಬಹುದು, ಗಡಿಯಾರ ನಂಬಬೇಡಿ. ಕೆಲವು ಗಂಟೆಗಳ ಅಂತರದಲ್ಲಿ ತೂಗಿದಾಗ ತೂಕ ಇಳಿಯದೆ ನಿಂತರೆ ಒಣಗಿದೆ ಎಂದರ್ಥ. ಬಿಸಿ ಹೋಳನ್ನು ತಕ್ಕಡಿಗಿಟ್ಟರೆ ಮೇಲೇಳುವ ಗಾಳಿ ಮುಳ್ಳನ್ನು ಅಲುಗಿಸುತ್ತದೆ. ಬಯಲಲ್ಲಿ ಆರಲು ಬಿಟ್ಟರೆ ಗಾಳಿಯ ತೇವ ಹೀರುತ್ತದೆ. ಮುಚ್ಚಿದ ಒಣ ಡಬ್ಬಿಯಲ್ಲಿ ಆರಿಸಿ ತೂಗಿ.

ಒಂದು ಲೆಕ್ಕ ನೋಡೋಣ. ಹೋಳಿನ ಗಾತ್ರ 850 ಘನ ಸೆಂಟಿಮೀಟರ್, ಹಸಿ ತೂಕ 816 ಗ್ರಾಂ, ಒಣ ತೂಕ 442 ಗ್ರಾಂ. 442ನ್ನು 850ರಿಂದ ಭಾಗಿಸಿದರೆ 0.52, ಅಂದರೆ ಘನಮೀಟರಿಗೆ 520 ಕಿಲೋ. ಇದು ಮೂಲ ಸಾಂದ್ರತೆ. ಹಸಿ ತೂಕ ಹಿಡಿದರೆ ಅದೇ ಮರ 960 ಆಗುತ್ತದೆ. ಶೇ 12 ತೇವಾಂಶಕ್ಕೆ ಒಣಗಿ ಗಾತ್ರ ಶೇ 6ರಷ್ಟು ಕುಗ್ಗಿದೆ ಎಂದುಕೊಂಡರೆ ಸುಮಾರು 620. ಮೂರೂ ಸರಿ. ಯಾವುದೆಂದು ಹೇಳದೆ ಬರಿಯ ಸಂಖ್ಯೆ ಕೊಟ್ಟರೆ ಮೂರೂ ತಪ್ಪು!

ಬಿಲ್ಲೆ ಬೇಡ, ಇಡೀ ದಿಮ್ಮಿಯನ್ನೇ ತೂಗುತ್ತೇನೆ ಎನ್ನುವವರು ನಡುಭಾಗದ ಅಡ್ಡಕೊಯ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿ ಗಾತ್ರ ತೆಗೆಯಬಹುದು. 40 ಸೆಂಟಿಮೀಟರ್ ವ್ಯಾಸ, 3 ಮೀಟರ್ ಉದ್ದದ ದಿಮ್ಮಿಗೆ 0.377 ಘನಮೀಟರ್. ತೊಗಟೆ ಇದ್ದರೆ ಅದನ್ನು ಕಳೆಯಬೇಕು. ಆದರೆ ಸಿಗುವುದು ಹಸಿ ಸಾಂದ್ರತೆ ಮಾತ್ರ. ನೀರಿನ ಪಾಲು ತಿಳಿಯಲು ಹೋಳು ಒಣಗಿಸುವುದು ತಪ್ಪಿದ್ದಲ್ಲ.

ರಾಶಿ ರಾಶಿ ದಿಮ್ಮಿಗಳಿದ್ದರೆ ಉಪಕರಣಗಳಿವೆ. ಪೊಳ್ಳು ಕೊರೆಯುಳಿ ಪೆನ್ಸಿಲ್ಲಿನಂಥ ತುಂಡನ್ನು ಹೊರತೆಗೆಯುತ್ತದೆ. ಅದನ್ನು ಎಕ್ಸ್‌ರೇಗೆ ಒಡ್ಡಿದರೆ ಉಂಗುರದಿಂದ ಉಂಗುರಕ್ಕೆ ಸಾಂದ್ರತೆ ಸಿಗುತ್ತದೆ. ಪೈಲೋಡಿನ್ ಎಂಬ ಸಾಧನ ಸ್ಪ್ರಿಂಗಿನ ಬಲದಿಂದ ಮೊಳೆಯೊಂದನ್ನು ಮರಕ್ಕೆ ಹೊಡೆಯುತ್ತದೆ, ಆಳ ಕಡಿಮೆಯಾದಷ್ಟೂ ಮರ ದಟ್ಟ. ಇದು ಹೊರಮರದ ಸುದ್ದಿ ಮಾತ್ರ ಹೇಳುತ್ತದೆ, ಕೆಲವು ದಿಮ್ಮಿಗಳ ಬಿಲ್ಲೆಯೊಂದಿಗೆ ತಾಳೆ ನೋಡದೆ ಬಳಸುವಂತಿಲ್ಲ. ದಿಮ್ಮಿಯ ತುದಿಗೆ ಬಡಿದು ಶಬ್ದದ ವೇಗ ಅಳೆಯುವ ಯಂತ್ರವನ್ನು ಸಾಂದ್ರತೆಯ ಯಂತ್ರವೆಂದು ತಿಳಿಯುವವರೂ ಇದ್ದಾರೆ. ವೇಗದ ವರ್ಗವನ್ನು ಹಸಿ ಸಾಂದ್ರತೆಯಿಂದ ಗುಣಿಸಿದರೆ ಸಿಗುವುದು ಮರದ ಬಿಗುಪು, ಅಂದರೆ ಸುಲಭಕ್ಕೆ ಬಾಗದ ಗುಣ. ಸಾಂದ್ರತೆಯನ್ನು ಆ ಯಂತ್ರಕ್ಕೆ ನಾವೇ ಕೊಡಬೇಕು.