ಒಂದೇ ಪುಟ್ಟ ಆಟ, ಹಲವು ಸಾಫ್ಟ್‌ವೇರ್: ಕೋಡ್ ಬರದೆ ಗೇಮ್ ಮಾಡಲು ಹೊರಟ ನನ್ನ ಅನುಭವ

ಗೇಮ್ ಮಾಡುವ ಆಸೆ ಇತ್ತು, ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ಹುಡುಕಿದರೆ ‘ಒಂದು ಸಾಲೂ ಕೋಡ್ ಬರೆಯದೆ ಗೇಮ್ ಮಾಡಿ’ ಎನ್ನುವ ಸಾಫ್ಟ್‌ವೇರ್‌ಗಳು ಬೇಕಾದಷ್ಟು ಸಿಕ್ಕವು. ಎಲ್ಲವೂ ತಾನು ಸುಲಭ ಎಂದೇ ಹೇಳಿಕೊಳ್ಳುತ್ತವೆ. ಯಾವ ಥರದ ಆಟಕ್ಕೆ ಸುಲಭ ಅನ್ನುವುದನ್ನು ನಾವೇ ಕಂಡುಕೊಳ್ಳಬೇಕು. ಹಾಗಾಗಿ ಒಂದು ಪುಟ್ಟ ಆಟವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೆ. ಅದನ್ನೇ ಒಂದೊಂದು ಸಾಫ್ಟ್‌ವೇರ್‌ನಲ್ಲೂ ಮಾಡುತ್ತಾ ಹೋದೆ.

ಆಟ ಇಷ್ಟೇ. ಒಬ್ಬ ಹುಡುಗಿ ಎಡಕ್ಕೂ ಬಲಕ್ಕೂ ಓಡುತ್ತಾಳೆ, ಹಾರುತ್ತಾಳೆ. ಅಲ್ಲಲ್ಲಿ ಹತ್ತು ನಾಣ್ಯಗಳಿವೆ. ಒಂದು ಮುಳ್ಳುಹಂದಿ ಅತ್ತಿತ್ತ ಸುತ್ತುತ್ತಿರುತ್ತದೆ, ತಾಗಿದರೆ ಮತ್ತೆ ಮೊದಲಿನಿಂದ. ಎಲ್ಲ ನಾಣ್ಯ ಸಿಕ್ಕರೆ ಒಂದು ಸದ್ದು, ‘ಗೆದ್ದೆ!’ ಅನ್ನುವ ಪರದೆ. ನೋಡಲು ಚಿಕ್ಕದು. ಆದರೆ ಗುರುತ್ವ, ಒಂದಕ್ಕೊಂದು ತಾಗಿತೇ ಎಂಬ ಪರೀಕ್ಷೆ, ಎಣಿಕೆ, ಸದ್ದು, ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವುದು, ಎಲ್ಲ ಇದರೊಳಗೆ ಬಂದುಬಿಡುತ್ತವೆ.

ಮೊದಲು ತೆರೆದದ್ದು ಸ್ಕ್ರ್ಯಾಚ್. ಎಂಐಟಿಯ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಬಿಟ್ಟದ್ದು, ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ. ಮಕ್ಕಳದ್ದು ಅಂತ ಬಿಟ್ಟುಬಿಡುವವರೇ ಜಾಸ್ತಿ. ನನಗೆ ಅದು ಸರಿ ಅನಿಸಲಿಲ್ಲ. ಬಣ್ಣದ ಬ್ಲಾಕ್‌ಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸಬೇಕು, ಅಷ್ಟೇ. ಸ್ಪೆಲಿಂಗ್ ತಪ್ಪುವ ಭಯವಿಲ್ಲ, ಸೇರಬಾರದ ಬ್ಲಾಕ್ ಸೇರುವುದೇ ಇಲ್ಲ.

ಆದರೆ ಸ್ಕ್ರ್ಯಾಚ್‌ನಲ್ಲಿ ಗುರುತ್ವ ಅನ್ನುವುದೇ ಇಲ್ಲ. ಹುಡುಗಿ ಹಾರಿ ಕೆಳಗೆ ಬೀಳಬೇಕೆಂದರೆ ಅದನ್ನು ನಾವೇ ಕಟ್ಟಬೇಕು. ‘ವೇಗ’ ಎಂಬ ವೇರಿಯಬಲ್, ಅಂದರೆ ಬದಲಾಗುವ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುವ ಡಬ್ಬಿ, ಮಾಡಿಕೊಂಡೆ. ಹಾರುವ ಗುಂಡಿ ಒತ್ತಿದಾಗ ಅದರಲ್ಲಿ 12 ಇಡುವುದು. ಆಮೇಲೆ ಪ್ರತಿ ಸುತ್ತಿನಲ್ಲೂ ಹುಡುಗಿಯನ್ನು ಆ ವೇಗದಷ್ಟು ಮೇಲೆ ಸರಿಸಿ, ವೇಗದಿಂದ 1 ಕಳೆಯುವುದು. 12, 11, 10 ಅಂತ ಇಳಿದು ಸೊನ್ನೆಯಾದಾಗ ಹುಡುಗಿ ತುತ್ತತುದಿಯಲ್ಲಿರುತ್ತಾಳೆ. ಆಮೇಲೆ ಸಂಖ್ಯೆ ಮೈನಸ್ ಆಗುತ್ತದೆ, ಆಕೆ ಬೀಳುತ್ತಾಳೆ. ನೆಲ ತಾಗಿದರೆ ವೇಗ ಸೊನ್ನೆ. ಸ್ಕ್ರ್ಯಾಚ್ ಈ ಸುತ್ತನ್ನು ಸೆಕೆಂಡಿಗೆ ಸುಮಾರು 30 ಸಲ ಓಡಿಸುತ್ತದೆ. ಆಟದಲ್ಲಿ ಹಾರುವುದೆಂದರೆ ಒಂದು ಸಂಖ್ಯೆಯನ್ನು ಪದೇ ಪದೇ ಕಳೆಯುವುದು ಅಂತ ನನಗೆ ಗೊತ್ತಾದದ್ದು ಇಲ್ಲೇ. ಮುಂದೆ ಪ್ರತಿ ಸಾಫ್ಟ್‌ವೇರ್‌ನಲ್ಲೂ ಇದು ಕೆಲಸಕ್ಕೆ ಬಂತು.

ಇದರ ಮಿತಿ ಬೇಗ ಕಣ್ಣಿಗೆ ಬೀಳುತ್ತದೆ. ಪರದೆ 480 ಪಿಕ್ಸೆಲ್ (ಚುಕ್ಕಿ) ಅಗಲ, 360 ಪಿಕ್ಸೆಲ್ ಎತ್ತರ. ಹುಡುಗಿಯ ಹಿಂದೆ ಓಡುವ ಕ್ಯಾಮೆರಾ ಇಲ್ಲ. ಲೆವೆಲ್ ದೊಡ್ಡದಾಗಬೇಕಾದರೆ ಹಿನ್ನೆಲೆಯನ್ನೇ ಉಲ್ಟಾ ದಿಕ್ಕಿಗೆ ಸರಿಸುವ ಉಪಾಯ ಮಾಡಬೇಕು. ಒಂದು ಪರದೆಯಲ್ಲಿ ಮುಗಿಯುವ ಆಟವಾದರೆ ಏನೂ ತೊಂದರೆಯಿಲ್ಲ.

ಮುಂದಿನದು ಜಿಡೆವಲಪ್. ನಾನು ಜಾಸ್ತಿ ಹೊತ್ತು ಕಳೆದದ್ದು ಇದರಲ್ಲೇ. ಓಪನ್ ಸೋರ್ಸ್, ಬ್ರೌಸರ್‌ನಲ್ಲೂ ನಡೆಯುತ್ತದೆ, ಇಳಿಸಿಕೊಂಡೂ ಬಳಸಬಹುದು. ಇಲ್ಲಿ ‘ಬಿಹೇವಿಯರ್’ ಎಂಬುದಿದೆ, ಅಂದರೆ ವಸ್ತುವಿಗೆ ಅಂಟಿಸಬಹುದಾದ ಸಿದ್ಧ ನಡವಳಿಕೆ. ಹುಡುಗಿಗೆ ‘ಪ್ಲಾಟ್‌ಫಾರ್ಮರ್ ಕ್ಯಾರೆಕ್ಟರ್’ ಅಂತ ಒಂದು ಬಿಹೇವಿಯರ್, ನೆಲಕ್ಕೆ ‘ಪ್ಲಾಟ್‌ಫಾರ್ಮ್’ ಅಂತ ಇನ್ನೊಂದು. ಇಷ್ಟು ಕೊಟ್ಟು ಪ್ರಿವ್ಯೂ ಒತ್ತಿದರೆ ಬಾಣದ ಗುಂಡಿಗಳಿಗೆ ಹುಡುಗಿ ಓಡುತ್ತಾಳೆ, ಹಾರುತ್ತಾಳೆ, ಅಂಚಿನಿಂದ ಬೀಳುತ್ತಾಳೆ. ಸ್ಕ್ರ್ಯಾಚ್‌ನಲ್ಲಿ ನಾನು ಕೈಯಾರೆ ಕಟ್ಟಿದ್ದೆಲ್ಲ ಇಲ್ಲಿ ಸಿದ್ಧವಾಗಿ ಬಂದಿತ್ತು.

ಆದರೆ ಆ ಹಾರಾಟ ನನಗೆ ಹಿಡಿಸಲಿಲ್ಲ, ಹುಡುಗಿ ಗಾಳಿಯಲ್ಲಿ ತೇಲಿದ ಹಾಗಿತ್ತು. ಬಿಹೇವಿಯರ್ ತೆರೆದರೆ ಹಾರುವ ವೇಗ, ಗುರುತ್ವ ಎಂಬ ಎರಡು ಅಂಕಿಗಳಿವೆ. ಗುಂಡಿ ಒತ್ತಿ ಹಿಡಿದರೆ ಇನ್ನಷ್ಟು ಎತ್ತರ ಹಾರುವ ಸೌಲಭ್ಯವೂ ಇದೆ. ಅದನ್ನು ಸೊನ್ನೆ ಮಾಡಿ ಉಳಿದೆರಡರ ಜತೆ ಆಡಿದೆ. ವೇಗ ಎರಡು ಪಟ್ಟು ಮಾಡಿದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಜತೆಗೆ ಗುರುತ್ವವನ್ನೂ ನಾಲ್ಕು ಪಟ್ಟು ಮಾಡಿದರೆ ಎತ್ತರ ಮೊದಲಿನಷ್ಟೇ ಉಳಿಯುತ್ತದೆ, ಹಾರಿ ಇಳಿಯುವ ಸಮಯ ಮಾತ್ರ ಅರ್ಧಕ್ಕಿಳಿಯುತ್ತದೆ. ಶಾಲೆಯ ಭೌತಶಾಸ್ತ್ರವೇ ಇದು, ಆದರೆ ಅಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ! ಬಿಹೇವಿಯರ್ ಸಿದ್ಧವಾಗಿ ಬಂದರೂ ಆಟ ಕೈಗೆ ಹಿತವಾಗಬೇಕಾದರೆ ಈ ಅಂಕಿಗಳ ಜತೆ ಗುದ್ದಾಡಲೇಬೇಕು.

ಉಳಿದದ್ದೆಲ್ಲ ‘ಇವೆಂಟ್’ಗಳಲ್ಲಿ. ಎಡಗಡೆ ಕಂಡಿಷನ್, ಬಲಗಡೆ ಆಕ್ಷನ್. ‘ಹುಡುಗಿ ನಾಣ್ಯಕ್ಕೆ ತಾಗಿದರೆ’ ಎಂಬುದು ಎಡಕ್ಕೆ. ‘ನಾಣ್ಯವನ್ನು ಅಳಿಸು, ಅಂಕಕ್ಕೆ 1 ಕೂಡಿಸು, ಸದ್ದು ಮಾಡು’ ಎಂಬುದು ಬಲಕ್ಕೆ. ಓದಿದರೆ ಮಾತಿನ ಹಾಗೇ ಇದೆ, ಅಲ್ವಾ? ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಪರದೆಯ ಮೇಲೆ ಹತ್ತು ನಾಣ್ಯಗಳಿವೆ, ಎಲ್ಲದರ ಹೆಸರೂ ‘ನಾಣ್ಯ’ವೇ. ‘ನಾಣ್ಯವನ್ನು ಅಳಿಸು’ ಅಂದರೆ ಯಾವುದನ್ನು? ಇಲ್ಲಿ ಕಂಡಿಷನ್ ಜರಡಿಯ ಹಾಗೆ ಕೆಲಸ ಮಾಡುತ್ತದೆ. ಹತ್ತರಲ್ಲಿ ತಾಗಿದ ನಾಣ್ಯ ಮಾತ್ರ ಕೆಳಗಿಳಿಯುತ್ತದೆ, ಬಲಗಡೆಯ ಆಕ್ಷನ್ ಅದಕ್ಕಷ್ಟೇ ಅನ್ವಯ. ಕಂಡಿಷನ್ ಖಾಲಿ ಬಿಟ್ಟರೆ ಹತ್ತೂ ನಾಣ್ಯ ಒಮ್ಮೆಗೇ ಮಾಯ. ಇದೊಂದು ತಲೆಗೆ ಹೋದರೆ ಇವೆಂಟ್ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಅರ್ಧ ಕೆಲಸ ಮುಗಿದ ಹಾಗೆ. ಆರಂಭಿಕರಿಗೆಂದು ಮಾಡಿದ ವಿಡಿಯೊಗಳು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಓಡುತ್ತವೆ, ಯಾಕೋ.

ಇನ್ನೊಂದು ಸೂಕ್ಷ್ಮ ಸಮಯದ್ದು. ಇವೆಂಟ್‌ಗಳ ಪಟ್ಟಿಯನ್ನು ಸಾಫ್ಟ್‌ವೇರ್ ಮೇಲಿನಿಂದ ಕೆಳಗೆ ಓದುತ್ತದೆ, ಅದೂ ಸೆಕೆಂಡಿಗೆ 60 ಸಲ. ‘ಅಂಕ 10 ಆದರೆ ಗೆದ್ದ ಸದ್ದು ಮಾಡು’ ಎಂದು ಬರೆದರೆ, ಅಂಕ 10 ಆಗಿರುವಷ್ಟು ಹೊತ್ತೂ ಆ ಸದ್ದು ಸೆಕೆಂಡಿಗೆ 60 ಸಲ ಶುರುವಾಗುತ್ತದೆ. ಕಿವಿಗೆ ಕೇಳುವುದು ಬರೀ ಕಿರುಚಾಟ. ಇದಕ್ಕೆಂದೇ ‘ಟ್ರಿಗರ್ ಒನ್ಸ್’ ಎಂಬ ಕಂಡಿಷನ್ ಇದೆ. ಅದನ್ನು ಸೇರಿಸಿದರೆ ಷರತ್ತು ನಿಜವಾದ ಆ ಕ್ಷಣದಲ್ಲಿ ಒಂದು ಸಲ ಮಾತ್ರ ನಡೆಯುತ್ತದೆ.

ಮುಳ್ಳುಹಂದಿಗೂ ಇದೇ ಲೆಕ್ಕ ಬೇಕಾಯಿತು. ‘ಪ್ರತಿ ಸಲ 3 ಪಿಕ್ಸೆಲ್ ಸರಿಸು’ ಎಂದಿಟ್ಟರೆ ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತದೆ. ಸೆಕೆಂಡಿಗೆ 30 ಸಲ ಮಾತ್ರ ಓದಬಲ್ಲ ನಿಧಾನದ ಕಂಪ್ಯೂಟರ್‌ನಲ್ಲಿ ಅದೇ ಮುಳ್ಳುಹಂದಿ ಅರ್ಧ ವೇಗದಲ್ಲಿ ತೆವಳುತ್ತದೆ. ಸೆಕೆಂಡಿಗೆ 60 ಸಲ 3 ಪಿಕ್ಸೆಲ್ ಅಂದರೆ ಸೆಕೆಂಡಿಗೆ 180 ಪಿಕ್ಸೆಲ್. ಹಾಗಾಗಿ ಆ 180ನ್ನು ಹಿಂದಿನ ಸುತ್ತಿನಿಂದ ಈಚೆಗೆ ಕಳೆದ ಸಮಯದಿಂದ ಗುಣಿಸಿ ಸರಿಸಬೇಕು. ಜಿಡೆವಲಪ್‌ನಲ್ಲಿ ಆ ಸಮಯದ ಹೆಸರು ‘ಟೈಮ್‌ಡೆಲ್ಟಾ’. ‘ಬಲ’ ಹಾಕಿ ಸರಿಸುವ ಆಕ್ಷನ್ ಬಳಸಿದರೆ ಈ ಗುಣಾಕಾರವನ್ನು ಅದೇ ಮಾಡಿಕೊಳ್ಳುತ್ತದೆ. ಒಂದು ಸಾಲೂ ಕೋಡ್ ಬರೆದಿರಲಿಲ್ಲ, ನಿಜ. ಯೋಚನೆ ಮಾತ್ರ ಪ್ರೋಗ್ರಾಮರ್‌ನದ್ದೇ ಆಗಿತ್ತು. ಕೋಡ್ ಬೇಡ ಎನ್ನುವ ಸಾಫ್ಟ್‌ವೇರ್‌ಗಳು ಉಳಿಸುವುದು ಟೈಪ್ ಮಾಡುವ ಕಷ್ಟವನ್ನು.

ಕನ್‌ಸ್ಟ್ರಕ್ಟ್ 3 ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಯೋಚನೆ ಇದೇ: ಇವೆಂಟ್ ಹಾಳೆ, ಬಿಹೇವಿಯರ್, ಜರಡಿ. ಪೂರ್ತಿ ಬ್ರೌಸರ್‌ನಲ್ಲಿ ನಡೆಯುತ್ತದೆ. ಅದರ ಎಡಿಟರ್ ಜಿಡೆವಲಪ್‌ಗಿಂತ ನಯವಾಗಿದೆ ಎಂದೇ ನನ್ನ ಅನಿಸಿಕೆ. ಆದರೆ ಉಚಿತ ಆವೃತ್ತಿಯಲ್ಲಿ ಇಷ್ಟೇ ಇವೆಂಟ್ ಎಂಬ ಮಿತಿ ಇದೆ. ನನ್ನ ನಾಣ್ಯದ ಆಟ ಅದರೊಳಗೆ ಸುಲಭವಾಗಿ ಹಿಡಿಸಿತು. ನಾಲ್ಕೈದು ಲೆವೆಲ್, ಮೆನು, ಬಗೆಬಗೆಯ ಶತ್ರುಗಳು ಎಂದು ಬೆಳೆಸಹೊರಟರೆ ಚಂದಾ ಕಟ್ಟಬೇಕಾದೀತು.

ಗೇಮ್‌ಮೇಕರ್‌ಗೆ ಹಳೆಯ ಹೆಸರಿದೆ. ಮಾರ್ಕ್ ಓವರ್‌ಮಾರ್ಸ್ ಎಂಬ ಪ್ರೊಫೆಸರ್ 1999ರಲ್ಲಿ ಶುರು ಮಾಡಿದ್ದು. 2015ರಲ್ಲಿ ಬಂದು ಜನಪ್ರಿಯವಾದ ಅಂಡರ್‌ಟೇಲ್ ಎಂಬ ಆಟ ಇದರಲ್ಲೇ ಆದದ್ದು. ಹಾಗಾಗಿ ಸುಲಭದ ಸಾಫ್ಟ್‌ವೇರ್‌ನಲ್ಲಿ ದೊಡ್ಡ ಆಟ ಆಗದು ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಇಲ್ಲಿ ಎರಡು ದಾರಿ: ಬ್ಲಾಕ್ ಎಳೆಯುವ ‘ಜಿಎಂಎಲ್ ವಿಷುಯಲ್’ ಮತ್ತು ಬರೆಯುವ ‘ಜಿಎಂಎಲ್ ಕೋಡ್’ (ಜಿಎಂಎಲ್ ಎಂದರೆ ಗೇಮ್‌ಮೇಕರ್‌ನ ಸ್ವಂತ ಭಾಷೆ). ನಾನು ಬ್ಲಾಕ್‌ನಿಂದಲೇ ಶುರು ಮಾಡಿದೆ. ನೆಲದ ಮೇಲೆ ನಿಲ್ಲುವುದು, ಗೋಡೆ ತಾಗುವುದು ಎಲ್ಲ ಇಲ್ಲಿ ಮತ್ತೆ ನಮ್ಮ ಪಾಲಿನ ಕೆಲಸ. ಮುಂದಿನ ಹೆಜ್ಜೆ ಇಡುವ ಜಾಗದಲ್ಲಿ ಗೋಡೆ ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಮಾತ್ರ ಸರಿಸಬೇಕು. ಅಷ್ಟಕ್ಕೆ ಬ್ಲಾಕ್‌ಗಳ ಸರಪಳಿ ಪರದೆ ದಾಟಿ ಕೆಳಗಿಳಿಯಿತು. ಅದೇ ಮಾತು ಕೋಡ್‌ನಲ್ಲಿ ಕೆಲವೇ ಸಾಲು. ಬ್ಲಾಕ್ ಓದುವುದಕ್ಕಿಂತ ಸಾಲು ಓದುವುದು ಸಲೀಸು ಎಂದು ನನಗೆ ಅನಿಸಿದ್ದು ಇಲ್ಲಿ ಮೊದಲ ಸಲ. ಕೋಡ್ ಎಂದರೆ ಭಯ, ಆದರೆ ಒಂದಲ್ಲ ಒಂದು ದಿನ ಕಲಿಯುವ ಮನಸ್ಸಿದೆ ಎನ್ನುವವರಿಗೆ ಇದು ಒಳ್ಳೆಯ ಮಧ್ಯದ ದಾರಿ.

ಇನ್ನು ಒಂದೇ ಜಾತಿಯ ಆಟಕ್ಕೆಂದು ಹುಟ್ಟಿದ ಸಾಫ್ಟ್‌ವೇರ್‌ಗಳು. ಇವುಗಳಲ್ಲಿ ಹಾರುವ ಹುಡುಗಿಯನ್ನು ಮಾಡಲು ಹೋಗುವುದೇ ದಂಡ. ಇವಕ್ಕೆ ಬೇರೆ ಪರೀಕ್ಷೆ ಇಟ್ಟುಕೊಂಡೆ: ಒಂದು ಪೆಟ್ಟಿಗೆ, ಅದರೊಳಗೆ ಬೀಗದ ಕೈ, ಮುಚ್ಚಿದ ಬಾಗಿಲು, ಮಾತಾಡುವ ಒಬ್ಬ ಮುದುಕ.

ಆರ್‌ಪಿಜಿ (ಒಂದು ಪಾತ್ರವಾಗಿ ಊರೂರು ಸುತ್ತುತ್ತಾ ಆಡುವ ಕತೆಯಾಟ) ಮಾಡಲೆಂದೇ ಇರುವ ಆರ್‌ಪಿಜಿ ಮೇಕರ್ ಎಂಝಡ್‌ನಲ್ಲಿ ಇದು ನೀರು ಕುಡಿದಷ್ಟು ಸಲೀಸು. ನಕ್ಷೆ ಬಿಡಿಸುವುದು, ನಡೆದಾಡುವುದು, ಮಾತಿನ ಪೆಟ್ಟಿಗೆ, ಸೇವ್ ಮಾಡುವುದು, ಕಾದಾಟ, ಎಲ್ಲ ಮೊದಲೇ ಇವೆ. ತೆರೆದ ಪೆಟ್ಟಿಗೆ ತೆರೆದೇ ಇರಬೇಕಲ್ಲ? ಅದಕ್ಕೆ ‘ಸೆಲ್ಫ್ ಸ್ವಿಚ್’ ಇದೆ. ಪೆಟ್ಟಿಗೆ ತೆರೆದಾಗ ಅದರ ಸ್ವಿಚ್ ಹಾಕಬೇಕು. ಅದೇ ಪೆಟ್ಟಿಗೆಗೆ ಎರಡನೇ ಪುಟ ಮಾಡಿ, ‘ಸ್ವಿಚ್ ಹಾಕಿದ್ದರೆ ಈ ಪುಟ’ ಎಂದು ಹೇಳಿ, ಅಲ್ಲಿ ತೆರೆದ ಪೆಟ್ಟಿಗೆಯ ಚಿತ್ರ ಇಡಬೇಕು. ಇದು ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್. ಜತೆಗೆ ಬರುವ ಚಿತ್ರಗಳನ್ನೇ ಎಲ್ಲರೂ ಬಳಸುವುದರಿಂದ ಆಟಗಳೆಲ್ಲ ಒಂದೇ ಮುಖದವಾಗಿ ಕಾಣುತ್ತವೆ. ಚಿತ್ರ ಬರೆಯಬಲ್ಲವರಿಗೆ ಇದು ಸಮಸ್ಯೆಯೇ ಅಲ್ಲ.

ಟ್ವೈನ್ ಇನ್ನೂ ಸರಳ. 2009ರಲ್ಲಿ ಕ್ರಿಸ್ ಕ್ಲಿಮಾಸ್ ಮಾಡಿದ ಉಚಿತ ಸಾಫ್ಟ್‌ವೇರ್. ಕತೆಯ ತುಣುಕುಗಳನ್ನು ಬರೆಯುವುದು, ಒಂದು ಮಾತಿನ ಸುತ್ತ ಎರಡೆರಡು ಚೌಕ ಬ್ರಾಕೆಟ್ ಹಾಕುವುದು. ಅದು ಮುಂದಿನ ತುಣುಕಿಗೆ ಲಿಂಕ್ ಆಗುತ್ತದೆ, ಪರದೆಯ ಮೇಲೆ ಹೊಸ ಪೆಟ್ಟಿಗೆಯೊಂದು ತಾನೇ ಹುಟ್ಟುತ್ತದೆ. ಬೀಗದ ಕೈ ಇದೆಯೋ ಇಲ್ಲವೋ ಎಂದು ನೆನಪಿಡಲು ಒಂದು ವೇರಿಯಬಲ್ ಸಾಕು. ಪಾತ್ರಗಳ ಚಿತ್ರ, ಸಂಗೀತ, ಸಂಭಾಷಣೆ ಬೇಕೆಂದರೆ ರೆನ್‌ಪೈ ಇದೆ. ಅಲ್ಲಿ ಬರೆಯಬೇಕು ನಿಜ, ಆದರೆ ಬರೆದದ್ದು ನಾಟಕದ ಪ್ರತಿಯ ಹಾಗೇ ಇರುತ್ತದೆ: ಯಾರು, ಏನು ಹೇಳಿದರು. ಬಿಟ್ಸಿ ಎಂಬ ಪುಟಾಣಿಯಲ್ಲಿ ಪ್ರತಿ ಚಿತ್ರವೂ 8 ಅಡ್ಡ, 8 ಉದ್ದದ ಚುಕ್ಕಿಗಳಲ್ಲೇ ಮುಗಿಯಬೇಕು. ಚಿತ್ರ ಬರೆಯಲು ಬರುವುದಿಲ್ಲ ಎನ್ನುವ ನನ್ನಂಥವರಿಗೆ ಅದೇ ಬಿಡುಗಡೆ. ಅಷ್ಟು ಚುಕ್ಕಿಯಲ್ಲಿ ಯಾರು ಬರೆದರೂ ಅಷ್ಟೇ!

ಗೊಡಾಟ್ ಕಲಿ ಎಂದು ಹೇಳುವವರು ತುಂಬ ಜನ. ಒಳ್ಳೆಯ ಸಾಫ್ಟ್‌ವೇರ್, ಉಚಿತ, ಓಪನ್ ಸೋರ್ಸ್. ಆದರೆ ಕೋಡ್ ಇಲ್ಲದ ದಾರಿ ಹುಡುಕುವವರು ಒಂದು ವಿಷಯ ಗಮನಿಸಬೇಕು. ಟೈಪ್ ಮಾಡದೆ ಜೋಡಿಸಲು ಅದರಲ್ಲಿದ್ದ ‘ವಿಷುಯಲ್‌ಸ್ಕ್ರಿಪ್ಟ್’ ಅನ್ನು 2023ರಲ್ಲಿ ಬಂದ 4ನೇ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ಹಳೆಯ ವಿಡಿಯೊ ನೋಡಿ ಆ ಗುಂಡಿಗಾಗಿ ಹುಡುಕುತ್ತಾ ಕೂರಬೇಡಿ. ಅನ್‌ರಿಯಲ್ ಎಂಬ ದೊಡ್ಡ ಗೇಮ್ ಸಾಫ್ಟ್‌ವೇರ್‌ನ ‘ಬ್ಲೂಪ್ರಿಂಟ್’ ಕೂಡ ಟೈಪ್ ಮಾಡದೆ ತಂತಿ ಎಳೆದು ಜೋಡಿಸುವುದೇ. ಆದರೆ ಹತ್ತು ನಾಣ್ಯದ ಆಟಕ್ಕೆ ಅಷ್ಟು ದೊಡ್ಡ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಉತ್ಸಾಹ ನನಗಿರಲಿಲ್ಲ.

‘ಗೆದ್ದೆ!’ ಎಂಬ ಪರದೆ ಇನ್ನೊಂದು ಪರೀಕ್ಷೆಯೂ ಆಯಿತು. ಕೆಲವು ಸಾಫ್ಟ್‌ವೇರ್‌ಗಳು ಅಕ್ಷರಗಳನ್ನು ಒಂದೊಂದಾಗಿ ಚಿತ್ರ ಮಾಡಿಟ್ಟುಕೊಂಡು ಸಾಲಾಗಿ ಜೋಡಿಸುತ್ತವೆ. ಇಂಗ್ಲಿಷ್‌ಗೆ ಅದು ಸಾಕು. ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗೆ ಹೋಗದೆ ಪಕ್ಕಕ್ಕೆ ಒಡೆದು ನಿಲ್ಲುತ್ತದೆ. ಸ್ಕ್ರ್ಯಾಚ್, ಜಿಡೆವಲಪ್, ಟ್ವೈನ್‌ನಂಥವು ಬರಹವನ್ನು ಬ್ರೌಸರ್‌ಗೇ ಒಪ್ಪಿಸುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಜಿಡೆವಲಪ್‌ನಲ್ಲಿ ಕನ್ನಡದ ಫಾಂಟ್ ಫೈಲನ್ನು ಪ್ರಾಜೆಕ್ಟ್‌ಗೇ ಸೇರಿಸಿಬಿಟ್ಟರೆ ಆಡುವವರ ಕಂಪ್ಯೂಟರ್‌ನಲ್ಲಿ ಫಾಂಟ್ ಇದೆಯೋ ಇಲ್ಲವೋ ಎಂಬ ಚಿಂತೆಯೂ ಇರದು. ಕನ್ನಡದಲ್ಲಿ ಕತೆ ಹೇಳುವ ಆಟ ಮಾಡುವವರು ಬೇರೇನೂ ಮಾಡುವ ಮೊದಲು ಒತ್ತಕ್ಷರ ತುಂಬಿರುವ ಒಂದು ಸಾಲನ್ನು ಪರದೆಯ ಮೇಲೆ ತಂದು ನೋಡುವುದು ಒಳ್ಳೆಯದು.

ನಾನು ಕೊನೆಗೆ ಉಳಿದದ್ದು ಜಿಡೆವಲಪ್‌ನಲ್ಲಿ, ಕತೆಗಳಿಗೆ ಟ್ವೈನ್. ಎರಡರಲ್ಲೂ ಆಟವನ್ನು ವೆಬ್ ಪುಟವಾಗಿ ಹೊರತೆಗೆಯಬಹುದು. ಟ್ವೈನ್‌ನದ್ದು ಒಂದೇ ಎಚ್‌ಟಿಎಂಎಲ್ ಫೈಲ್, ಸುಮ್ನೆ ಯಾರಿಗಾದರೂ ಕಳಿಸಿದರೂ ತೆರೆದುಕೊಳ್ಳುತ್ತದೆ. ಜಿಡೆವಲಪ್‌ನದ್ದು ಒಂದು ಫೋಲ್ಡರ್. ಆಟಗಳನ್ನು ಹಂಚಿಕೊಳ್ಳುವ ಇಚ್.ಐಒ (itch.io) ತಾಣದಲ್ಲಿ ಹಾಕುವಾಗ ಅದನ್ನು ಜಿಪ್ ಮಾಡಬೇಕು, ‘ಇಂಡೆಕ್ಸ್’ ಹೆಸರಿನ ಎಚ್‌ಟಿಎಂಎಲ್ ಫೈಲ್ ಅದರೊಳಗೆ ಇರಲೇಬೇಕು.

ಫೋನ್‌ನಲ್ಲಿ ಆಡುವವರಿಗಾಗಿ ಇನ್ನೊಂದು ಕೆಲಸ ಬಾಕಿ ಉಳಿಯುತ್ತದೆ, ಅಲ್ಲಿ ಬಾಣದ ಗುಂಡಿಗಳಿಲ್ಲವಲ್ಲ. ಟ್ವೈನ್‌ಗೆ ಏನೂ ಮಾಡಬೇಕಿಲ್ಲ, ಲಿಂಕ್ ಮೇಲೆ ಬೆರಳಿಟ್ಟರಾಯಿತು. ಆರ್‌ಪಿಜಿ ಮೇಕರ್‌ನಲ್ಲಿ ಮುಟ್ಟಿದ ಕಡೆಗೆ ಪಾತ್ರ ತಾನೇ ನಡೆಯುತ್ತದೆ. ಜಿಡೆವಲಪ್‌ನಲ್ಲಿ ಎಡ, ಬಲ, ಹಾರು ಎಂದು ಮೂರು ಗುಂಡಿಗಳ ಚಿತ್ರವನ್ನು ಬೇರೆ ಲೇಯರ್‌ನಲ್ಲಿ (ಆಟದ ಮೇಲೆ ಹಾಸಿದ ಇನ್ನೊಂದು ಪದರದಲ್ಲಿ) ಇಟ್ಟೆ, ಕ್ಯಾಮೆರಾ ಸರಿದರೂ ಅವು ಕದಲಬಾರದು ನೋಡಿ. ಆಮೇಲೆ ‘ಈ ಗುಂಡಿ ಒತ್ತಿದ್ದರೆ ಬಲದ ಬಾಣ ಒತ್ತಿದಂತೆ ನಡೆದುಕೊ’ ಎನ್ನುವ ಆಕ್ಷನ್ ಹಾಕಿದೆ. ಪ್ಲಾಟ್‌ಫಾರ್ಮರ್ ಬಿಹೇವಿಯರ್‌ನಲ್ಲಿ ಅದಕ್ಕೂ ಜಾಗ ಇದೆ.