ಕಳ್ಳದಾರಿಯ ಗಾಳಿ

ಗಾಂಧಿ ಚೌಕದಲ್ಲಿ ಕಾರು ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿದರೆ ಸಾಕು, ಎಂಜಿನ್ ತಾನಾಗಿಯೇ ರೇಸ್ ಆಗುತ್ತಿತ್ತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು 1,500ಕ್ಕೆ ಏರುವುದು, 900ಕ್ಕೆ ಬೀಳುವುದು, ಮತ್ತೆ ಏರುವುದು. ಸಿಂದಗಿ ರಸ್ತೆಯಲ್ಲಿ ಎಪ್ಪತ್ತರ ವೇಗದಲ್ಲಿ ಹೋಗುವಾಗ ಮಾತ್ರ ಯಾವ ತಕರಾರೂ ಇರಲಿಲ್ಲ. ನನ್ನದು 2014ರ ಸಣ್ಣ ಪೆಟ್ರೋಲ್ ಕಾರು. ವಿಜಯಪುರದ ಹತ್ತು ಬೇಸಿಗೆಗಳನ್ನು ನೆರಳಿಲ್ಲದೆ ಕಳೆದಿದೆ. ಗ್ಯಾರೇಜಿನಲ್ಲಿ ಮೊದಲು ಸ್ಪಾರ್ಕ್ ಪ್ಲಗ್ ಬದಲಿಸಿದರು, ಆಮೇಲೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲನ್ನು, ಅಂದರೆ ಥ್ರಾಟಲ್, ತೊಳೆದರು, ಮೂರನೆಯ ಸಲ ಐಡಲ್ (ಎಕ್ಸಿಲರೇಟರ್ ಒತ್ತದಾಗಿನ ಓಟ) ನೋಡಿಕೊಳ್ಳುವ ಮೋಟರ್ ಹೊಸದು ಹಾಕಬೇಕು ಎಂದರು. ದೋಷ ಯಾವುದೆಂದು ಗೊತ್ತಾಗುವ ಮೊದಲೇ ಭಾಗ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಕಾರನ್ನು ಮನೆಗೆ ತಂದೆ.

ಪಕ್ಕದ ಮನೆಯ ಕಾಕಾ ಒಂದು ಕಾಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಬಾನೆಟ್ ಎತ್ತಿದಾಗ ಬಂದು ನಿಂತು ಎರಡು ನಿಮಿಷ ಕೇಳಿಸಿಕೊಂಡರು. “ತಮ್ಮಾ, ಇದು ಗಾಳಿ ಹಿಡಿದಿದೆ. ಸಕ್ಷನ್ ಪೈಪಿನ ಜಾಯಿಂಟ್ ಗಾಳಿ ಹಿಡಿದರೆ ಮೋಟಾರು ನೀರು ಎತ್ತುತ್ತದೆಯೇ? ನಾವು ಜಾಯಿಂಟಿಗೆ ಕೆಸರು ಮೆತ್ತಿ ನೋಡುತ್ತಿದ್ದೆವು” ಎಂದರು. ಈ ಮಾತು ಕೊನೆಗೆ ನನ್ನ ಕೈ ಹಿಡಿಯಿತು.

ಐಡಲ್‌ನಲ್ಲಿ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತಲೇ ಇರುವುದರಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ, ಒಳಗೆ ಒತ್ತಡ ತೀರ ಕಡಿಮೆಯಾಗುತ್ತದೆ. ಯಾವುದಾದರೂ ರಬ್ಬರ್ ಪೈಪು ಸೀಳಿದ್ದರೆ ಥ್ರಾಟಲನ್ನು ದಾಟದೆಯೇ ಅಲ್ಲಿಂದ ಗಾಳಿ ನುಗ್ಗುತ್ತದೆ. ವೇಗದಲ್ಲಿ ಹೋಗುವಾಗ ಬಾಗಿಲೇ ತೆರೆದಿರುವುದರಿಂದ ಈ ಕಳ್ಳದಾರಿಯ ಗಾಳಿ ಲೆಕ್ಕಕ್ಕೆ ಬರುವುದಿಲ್ಲ.

ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ಅಂಕಿ ನೋಡುವ ಚಿಕ್ಕ ಸ್ಕ್ಯಾನರ್ ನನ್ನ ಬಳಿ ಇತ್ತು. ಗಾಳಿ ಸೋರಿದರೆ ಕಾರಿನ ಕಂಪ್ಯೂಟರ್ ಪೆಟ್ರೋಲಿನಲ್ಲಿ ಮಾಡುವ ಹೆಚ್ಚುಕಡಿಮೆ ತೋರಿಸುವ ಇಂಧನ ತಿದ್ದುಪಡಿಯ ಅಂಕಿ, ಅಂದರೆ ಫ್ಯೂಯಲ್ ಟ್ರಿಮ್, ಐಡಲ್‌ನಲ್ಲಿ ಶೇ 20ರ ಆಚೆ ಹೋಗುತ್ತದೆ ಎಂದು ಓದಿದ್ದೆ. ನನ್ನ ಕಾರಿನಲ್ಲಿ ಅದು ಶೇ 4 ದಾಟಲೇ ಇಲ್ಲ. ಒಂದು ದಿನವೆಲ್ಲ ಇದೇ ಗೊಂದಲದಲ್ಲಿ ಹೋಯಿತು. ಒಳಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಕಾರುಗಳಿಗೆ ಆ ನಿಯಮ ಸರಿ. ನನ್ನ ಕಾರು ಮ್ಯಾನಿಫೋಲ್ಡ್ ಒತ್ತಡವನ್ನು ಅಳೆದು ಗಾಳಿಯ ಲೆಕ್ಕ ಹಾಕುತ್ತದೆ. ಕದ್ದು ಬಂದ ಗಾಳಿಯೂ ಒತ್ತಡ ಏರಿಸುವುದರಿಂದ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಟ್ಟುಬಿಡುತ್ತದೆ. ಮಿಶ್ರಣ ಸರಿಯಾಗಿಯೇ ಇರುತ್ತದೆ, ಎಂಜಿನ್ ಮಾತ್ರ ರೇಸ್ ಆಗುತ್ತದೆ. ಹಾಗಾಗಿ ಇಂಥ ಕಾರಿನಲ್ಲಿ ನೋಡಬೇಕಾದದ್ದು ಮ್ಯಾನಿಫೋಲ್ಡ್ ಒತ್ತಡವನ್ನೇ.

ಆ ಒತ್ತಡ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಎಂಜಿನ್ ಶುರು ಮಾಡದೆ ಕೀಲಿ ಮಾತ್ರ ತಿರುಗಿಸಿದರೆ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್; ವಿಜಯಪುರ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 94ರ ಆಸುಪಾಸು. ನನಗೆ 94 ಬಂತು. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುವಾಗ, ಎಸಿ ಬಂದ್ ಇದ್ದರೆ, ಮ್ಯಾನಿಫೋಲ್ಡ್ ಒತ್ತಡ 30ರಿಂದ 35ರ ನಡುವೆ ಇರಬೇಕು. ಚಾಲಕನ ಸೀಟಿನಲ್ಲಿ ಕೂತಿದ್ದ ಮಗಳು “ನಲವತ್ತಾರು, ಅಪ್ಪಾ” ಎಂದಳು.

ಮ್ಯಾನಿಫೋಲ್ಡ್‌ನ ಎಳೆತದಿಂದಲೇ ಬ್ರೇಕಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರನ್ನು ಮೊದಲು ನೋಡಿದೆ, ಏಕೆಂದರೆ ಅದು ಜೀವದ ಪ್ರಶ್ನೆ. ಎಂಜಿನ್ ಬಂದ್ ಮಾಡಿ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಶುರು ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯಿತು. ಅದರ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಹಿಸುಕಿದಾಗಲೂ ಒತ್ತಡದ ಅಂಕಿ ಬದಲಾಗಲಿಲ್ಲ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಮ್ಯಾನಿಫೋಲ್ಡ್‌ಗೆ ಬಿಡುವ ಪರ್ಜ್ ವಾಲ್ವ್ ಕೂಡ ಸರಿಯಿತ್ತು.

ಉಳಿದದ್ದು ಪಿಸಿವಿ ಪೈಪು, ಎಂಜಿನ್‌ನ ಕೆಳಗಿನ ಎಣ್ಣೆಯ ಭಾಗದ, ಅಂದರೆ ಕ್ರ್ಯಾಂಕ್‌ಕೇಸಿನ, ಹೊಗೆಯನ್ನು ಒಂದು ವಾಲ್ವ್ ಮೂಲಕ ಮ್ಯಾನಿಫೋಲ್ಡ್‌ಗೆ ಒಯ್ಯುವ ಗೇಣುದ್ದದ ರಬ್ಬರು. ಮ್ಯಾನಿಫೋಲ್ಡ್ ಕಡೆಯ ತುದಿಯಲ್ಲಿ ಹಿಸುಕಿದೆ: ಅಂಕಿ 36ಕ್ಕೆ ಇಳಿಯಿತು, ಏರಿಳಿತ ನಿಂತಿತು. ಇಲ್ಲಿಗೇ ಗೆದ್ದೆವೆಂದು ತಿಳಿಯಬಾರದು. ಆ ಪೈಪಿನಲ್ಲಿ ನ್ಯಾಯವಾಗಿ ಹರಿಯುವ ಗಾಳಿಯೂ ಇದೆ, ಹಿಸುಕಿದರೆ ಅದೂ ನಿಲ್ಲುತ್ತದೆ. ಅದಕ್ಕೆ ವಾಲ್ವ್ ಕಡೆಯ ತುದಿಯಲ್ಲಿಯೂ ಹಿಸುಕಿದೆ. ಅಂಕಿ 45ರಲ್ಲೇ ನಿಂತಿತು. ವಾಲ್ವ್‌ನಿಂದ ಬರುವುದನ್ನು ತಡೆದರೂ ಗಾಳಿ ಬರುತ್ತಿದೆ ಎಂದರೆ ಕಳ್ಳದಾರಿ ಇರುವುದು ಈ ಎರಡು ತುದಿಗಳ ನಡುವೆಯೇ.

ಜಾಗ ಹುಡುಕಲು ಅಗರಬತ್ತಿ ಹಚ್ಚಿದೆ. ಹಚ್ಚುವ ಮೊದಲು ಪೆಟ್ರೋಲ್ ವಾಸನೆ ಎಲ್ಲಿಯೂ ಇಲ್ಲವೆಂದು ನೋಡಿಕೊಂಡೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವವರೂ ಇದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದಕ್ಕೆ ಬೆಂಕಿ ಹತ್ತುತ್ತದೆ, ನಾನು ಮನೆಯಲ್ಲಿ ಅದನ್ನು ಬಳಸುವುದಿಲ್ಲ. ಆದರೆ ನಮ್ಮ ಬಯಲಿನ ಗಾಳಿ ಹೊಗೆಯನ್ನು ನಿಲ್ಲಗೊಡಲಿಲ್ಲ. ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಿದರೆ ಸೈಲೆನ್ಸರ್ ಹೊಗೆ ಜೀವ ತೆಗೆಯುತ್ತದೆ. ಹಾಗಾಗಿ ಮರುದಿನ ನಸುಕಿನ ಐದೂವರೆಗೆ, ಎಲೆ ಅಲ್ಲಾಡದ ಹೊತ್ತಿನಲ್ಲಿ, ಅಂಗಳದಲ್ಲೇ ಶುರು ಮಾಡಿದೆ. ಪೈಪು ಬಾಗುವಲ್ಲಿ ಹೊಗೆಯ ಎಳೆ ನೆಟ್ಟಗೆ ಏರದೆ ಕೆಳಗೆ ತಿರುಗಿ ಮಾಯವಾಯಿತು. ಮೇಲಿನಿಂದ ರಬ್ಬರು ಹೊಸದರಂತೆ ಕಾಣುತ್ತಿತ್ತು. ಎಂಜಿನ್ ಬಂದ್ ಮಾಡಿ ಹೆಂಡತಿಯ ಕೈಗನ್ನಡಿ ಕೆಳಗೆ ಹಿಡಿದರೆ ಬೆರಳಿನಗಲದಷ್ಟು ಉದ್ದದ ಸೀಳು.

ಹೊಸ ಪೈಪು ತರುವಾಗ ಅಂಗಡಿಯವನು ಅಳತೆಗೆ ಹೊಂದುವ ನೀರಿನ ಪೈಪು ಕತ್ತರಿಸಿ ಕೊಡಲು ಬಂದ. ಬೇಡವೆಂದೆ. ಎಣ್ಣೆಯ ಆವಿಗೆ ಅದು ಮೆತ್ತಗಾಗಿ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ಆ ಕಾರಿಗೆಂದೇ ಮಾಡಿದ, ಮೊದಲೇ ಬಾಗಿದ ಪೈಪನ್ನು ಎರಡು ದಿನ ಕಾದು ತರಿಸಿದೆ.

ಹಾಕಿದ ಮೇಲೆ ಮುಳ್ಳು 800ರಲ್ಲಿ ನಿಂತಿತು. ಅಂಕಿ ಮಾತ್ರ 38. ಎಂಜಿನ್ ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು ಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಕಾಕಾ ಹೇಳಿದ ಕೆಸರು ನೆನಪಾಯಿತು. ಎಂಜಿನ್ ನಿಲ್ಲಿಸಿ ಒಂದೊಂದೇ ಜೋಡಣೆಗೆ ದಪ್ಪ ಗ್ರೀಸ್ ಮೆತ್ತುವುದು, ಶುರು ಮಾಡಿ ಅಂಕಿ ಕೇಳುವುದು. ಥ್ರಾಟಲ್ ಬುಡಕ್ಕೆ ಮೆತ್ತಿದಾಗ ಏನೂ ಇಲ್ಲ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಲ್ಲಿ ಮೂರನೆಯದರ ಬುಡಕ್ಕೆ ಮೆತ್ತಿದಾಗ ಮಗಳು “ಮೂವತ್ತಮೂರು” ಎಂದಳು. ಅಲ್ಲಿಯ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಣಗಿ ಗಡುಸಾಗಿತ್ತು.

ಅದನ್ನು ನಾನು ಬಿಚ್ಚಲಿಲ್ಲ. ಇಂಜೆಕ್ಟರ್ ತೆಗೆಯಲು ಒತ್ತಡದಲ್ಲಿರುವ ಪೆಟ್ರೋಲ್ ಲೈನ್ ಬಿಡಿಸಬೇಕು. ಬೇರೊಬ್ಬ ಮೆಕ್ಯಾನಿಕ್ ಬಳಿ ಹೋಗಿ ಗ್ರೀಸ್ ಮೆತ್ತಿದ ಜಾಗವನ್ನೇ ತೋರಿಸಿದೆ. ಅವರು ಪ್ರಶ್ನೆ ಕೇಳದೆ ಎಲ್ಲ ಇಂಜೆಕ್ಟರ್‌ಗಳ ಓ-ರಿಂಗ್‌ಗಳನ್ನೂ ಬದಲಿಸಿದರು. ದಸರೆಯ ಖಂಡೇಪೂಜೆಗೆ ಕಾರು ತೊಳೆಯುವ ದಿನ ಮತ್ತೆ ನೋಡಿದೆ, 32 ಇತ್ತು.